ಸುಡೋರ ಪಟ್ಟಿ

ತೋಂಟದಾರ್ಯ ಹನ್ನೊಂದು ವರ್ಷದಿಂದ ಪ್ರಭಾರದಲ್ಲಿದ್ದಾರೆ. ಹೊರಗಿನವರ ಕಿವಿಗೆ ಇದು ಯಾವುದೋ ಕಾಯಿಲೆಯ ಹೆಸರಿನಂತೆ ಕೇಳಿಸಬಹುದು. ಅವರ ಹೆಂಡತಿ ಗಿರಿಜಾಂಬಿಕಾ ಅವರನ್ನು ಕೇಳಿದರೆ ಕಾಯಿಲೆಯೇ ಎನ್ನುತ್ತಾರೆ. ನಮ್ಮ ಹುಣಸೆಗುಡ್ಡೆ ತೆಂಗು ಬೆಳೆಗಾರರ ಸಂಘದ ಹಿಂದಿನ ಕಾರ್ಯದರ್ಶಿ ಒಂದು ವಾರ ರಜೆ ಹಾಕಿ ಕಂದಿಕೆರೆಗೆ ಹೋದವರು ಅಲ್ಲೇ ಬೀಗರ ಜೊತೆ ಅಂಗಡಿ ಇಟ್ಟುಕೊಂಡು ನಿಂತರು. ಆ ಒಂದು ವಾರದ ಮಟ್ಟಿಗೆಂದು ಕುರ್ಚಿಯಲ್ಲಿ ಕೂತವರು ತೋಂಟದಾರ್ಯ. ವಾರ ಇನ್ನೂ ಮುಗಿದಿಲ್ಲ.

ಈ ವರ್ಷ ಅದಕ್ಕೊಂದು ಗತಿ ಕಾಣಿಸಬೇಕೆಂದು ಅವರು ಹಟ ಹಿಡಿದಿದ್ದರು. ಭಾನುವಾರದ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಆರನೆಯ ವಿಷಯ: 'ಪ್ರಭಾರ ಕಾರ್ಯದರ್ಶಿಯವರನ್ನು ಖಾಯಂ ಮಾಡುವ ಬಗ್ಗೆ'. ಅಧ್ಯಕ್ಷ ಗಂಗರಾಜು ಅವರ ಮನಸ್ಸಿನಲ್ಲಿದ್ದ ಆರನೆಯ ವಿಷಯವೇ ಬೇರೆ. ಅವರ ಭಾಮೈದ ದಿನೇಶ್ ಬಿ.ಕಾಂ. ಮುಗಿಸಿ, ಭಾವನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಓಡಾಡುವುದನ್ನೇ ಅನುಭವ ಎಂದು ಹೇಳಿಕೊಳ್ಳುತ್ತಿದ್ದ. ಆ ಅನುಭವಕ್ಕೆ ಒಂದು ಕುರ್ಚಿ ಬೇಕಾಗಿತ್ತು. ಸಂಘದಲ್ಲಿ ಇದ್ದದ್ದು ಒಂದೇ ಕುರ್ಚಿ.

ನಾನು ಈ ಸಂಘದ ಸದಸ್ಯ ಸಂಖ್ಯೆ ನೂರ ಹದಿನೇಳು. ನಡೆದದ್ದರಲ್ಲಿ ಮುಕ್ಕಾಲು ಪಾಲನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ನಂಬಿಕಸ್ತರು ಹೇಳಿದ್ದಾರೆ. ಅವರೂ ಹೇಳದೆ ಬಿಟ್ಟದ್ದನ್ನು ಊಹಿಸುವಷ್ಟು ಬುದ್ಧಿಯನ್ನು ದೇವರು ನನಗೆ ಕೊಟ್ಟಿದ್ದಾನೆ.

ಗುರುವಾರ ಬೆಳಿಗ್ಗೆ ಕಾರ್ಯಸೂಚಿ ಮುದ್ರಿಸಲು ಹೊಸ ಪ್ರಿಂಟರ್ ಬಂತು. ಬಂತು, ಆದರೆ ಕಂಪ್ಯೂಟರಿನ ಜೊತೆ ಅದಕ್ಕೆ ಮಾತುಕತೆ ಕೂಡಿಬರಲಿಲ್ಲ. ಆ ಕಂಪ್ಯೂಟರ್ ತೀರ ಹಳೆಯದು. ತಿಪಟೂರಿನ ಕಾಲೇಜೊಂದರಲ್ಲಿ ಮೇಷ್ಟ್ರಾಗಿರುವ ಸೂರ್ಯಪ್ರಕಾಶ್ ಎರಡು ವರ್ಷದ ಹಿಂದೆ ಬಂದು ಅದನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಟ್ಟಿದ್ದ. ಇದು ಯಾರ ಸ್ವತ್ತೂ ಅಲ್ಲ, ಊರ ಕೆರೆಯ ಹಾಗೆ ಎಲ್ಲರದ್ದು, ಕಾಸು ಕೊಡಬೇಕಿಲ್ಲ ಎಂದಿದ್ದ. ಕಾಸು ಕೊಡಬೇಕಿಲ್ಲ ಎಂಬುದು ಆಡಳಿತ ಮಂಡಳಿಗೆ ಕೂಡಲೇ ಅರ್ಥವಾಗಿತ್ತು. ತೋಂಟದಾರ್ಯ ಅವನಿಗೇ ಫೋನು ಹಚ್ಚಿದರು.

"ಏನಿಲ್ಲ ಸಾರ್, ಆಜ್ಞೆ ಬರೆಯೋ ಕಪ್ಪು ಪರದೆ ತೆಗೀರಿ. ಮೊದಲು ಸುಡೋ ಅಂತ ಹಾಕಿ" ಎಂದ ಸೂರ್ಯಪ್ರಕಾಶ್.

ತೋಂಟದಾರ್ಯ ಫೋನನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ನೋಡಿದರು. "ಯಾರಿಗಪ್ಪ ಸುಡೋ ಅಂತಿರೋದು? ನನಗೆ ಐವತ್ತಾರು ತುಂಬಿದೆ."

"ನಿಮಗಲ್ಲ ಸಾರ್. ನೀವು ಕಂಪ್ಯೂಟರ್‌ಗೆ ಹೇಳಬೇಕು. ಎಸ್, ಯು, ಡಿ, ಒ. ಅದನ್ನ ಮುಂದೆ ಹಾಕಿ ಏನು ಹೇಳಿದ್ರೂ ಅದು ದೊಡ್ಡೋರ ಮಾತು ಅಂತ ಕೇಳುತ್ತೆ. ಉಳಿದಿದ್ದನ್ನ ವಾಟ್ಸಾಪ್ ಮಾಡಿದ್ದೀನಿ, ನೋಡ್ಕೊಂಡು ಹೊಡೀರಿ. ನನಗೆ ಕ್ಲಾಸಿದೆ."

ತೋಂಟದಾರ್ಯ ಸಂಭಾವಿತರು. ಎದುರುಮನೆಯ ಎರಡನೇ ಕ್ಲಾಸಿನ ಹುಡುಗಿಯನ್ನೂ ಬನ್ನಿ ಹೋಗಿ ಎನ್ನುವವರು. ಸಂಘದ ಆಸ್ತಿಯಾದ ಕಂಪ್ಯೂಟರನ್ನು ಏಕವಚನದಲ್ಲಿ ಕರೆಯಲು ಅವರಿಗೆ ಮನಸ್ಸು ಬರಲಿಲ್ಲ. 'ಸುಡಿರಿ' ಎಂದು ಹೊಡೆದರು. ಅಂಥ ಆಜ್ಞೆಯೇ ಇಲ್ಲ ಎಂದಿತು ಕಂಪ್ಯೂಟರ್. 'ದಯವಿಟ್ಟು ಸುಡಿ' ಎಂದರು. ಅದಕ್ಕೂ ಅದೇ ಉತ್ತರ. ಕೊನೆಗೆ ಸುತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು 'ಸುಡೋ' ಎಂದು ಹೊಡೆದರು. ಮರ್ಯಾದೆ ಕೊಟ್ಟಾಗ ಜಗ್ಗದ ಯಂತ್ರ ಈಗ ಎದ್ದು ಕೂತಿತು.

ಮೊದಲು ಅದು ಇಂಗ್ಲಿಷಿನಲ್ಲಿ ಮೂರು ಬುದ್ಧಿಮಾತು ಹೇಳಿತು. ಪರರ ಗುಟ್ಟನ್ನು ಗೌರವಿಸು. ಒತ್ತುವ ಮುಂಚೆ ಯೋಚಿಸು. ಅಧಿಕಾರ ಹೆಚ್ಚಿದರೆ ಹೊಣೆಯೂ ಹೆಚ್ಚುತ್ತದೆ. ಮೂರನೆಯದನ್ನು ಓದಿ ತೋಂಟದಾರ್ಯರ ಎದೆ ಉಬ್ಬಿತು. ತಾವು ಖಾಯಂ ಆಗಲಿರುವ ವಿಚಾರ ಇದಕ್ಕೆ ಹೇಗೋ ಮೊದಲೇ ತಿಳಿದಿದೆ ಎಂದುಕೊಂಡರು. ಆಮೇಲೆ ಅದು ಪಾಸ್‌ವರ್ಡ್ ಕೇಳಿತು. ಒತ್ತಿದರೆ ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ, ಒಂದು ಚುಕ್ಕಿಯೂ ಇಲ್ಲ. ಕೀಲಿಮಣೆ ಸತ್ತಿದೆಯೆಂದು ಹೆಬ್ಬೆರಳಿನಿಂದ ಕುಟ್ಟಿ ಕುಟ್ಟಿ ಒತ್ತಿದರು. ಮೂರನೇ ಸಲಕ್ಕೆ ಅದು ಒಪ್ಪಿಕೊಂಡು, ಒಂದು ಸಾಲು ಬರೆದು ಸುಮ್ಮನಾಯಿತು.

ಆ ಸಾಲನ್ನು ತೋಂಟದಾರ್ಯ ನಿಘಂಟು ಹಿಡಿದು ಕನ್ನಡಕ್ಕೆ ತಂದರು. ನಾನು ಅಲ್ಲಿಗೆ ಗೊಬ್ಬರದ ಚೀಟಿ ಕೇಳಲು ಹೋದಾಗ ಅವರ ಕೈಯಲ್ಲಿದ್ದ ಕಾಗದದಲ್ಲಿ ಹೀಗಿತ್ತು: 'ತೋಂಟದಾರ್ಯ ಎಂಬುವರು ಸುಡೋರ ಫೈಲಿನಲ್ಲಿ ಇಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.'

"ಸುಡೋರ ಫೈಲಾ?" ಎಂದೆ.

"ಹಂಗೇ ಬರೆದಿದೆ ನೋಡಿ. ಸು, ಡೋ, ರ್ಸು. ಸುಡೋರು" ಎಂದರು ತೋಂಟದಾರ್ಯ. ಅವರ ಮುಖ ಬಿಳಿಚಿತ್ತು.

ಬೇರೆ ಊರಾಗಿದ್ದರೆ ಈ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ನಮ್ಮದು ತೆಂಗಿನ ಸೀಮೆ. ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಗುಂಡಿಯಲ್ಲಿ ಸುಟ್ಟು ಇದ್ದಿಲು ಮಾಡಿ ಮಾರುವುದು ಅರ್ಧ ಊರಿನ ಉಪಕಸುಬು, ಇನ್ನರ್ಧ ಊರಿನ ಕೆಮ್ಮು. ಹೋದ ತಿಂಗಳು ಯಾರೋ ಹೊಗೆಯ ಮೇಲೆ ಅರ್ಜಿ ಹಾಕಿದ್ದರು. ಇನ್ಯಾರೋ ಬಂದು ಗುಂಡಿಗಳ ಫೋಟೋ ತೆಗೆದುಕೊಂಡು ಹೋಗಿದ್ದರು. ಅವರು ಎಲ್ಲಿಗೆ ಹೋದರು, ಫೋಟೋ ಏನಾಯಿತು ಎಂದು ಊರೇ ಒಂದು ತಿಂಗಳಿಂದ ಕೇಳುತ್ತಿತ್ತು. ಈಗ ಉತ್ತರ ಸಿಕ್ಕಿತು. ಸರ್ಕಾರ ಚಿಪ್ಪು ಸುಡೋರ ಪಟ್ಟಿ ಮಾಡಿ ನಮ್ಮ ಸಂಘದ ಕಂಪ್ಯೂಟರಿನೊಳಗೇ ಇಟ್ಟುಬಿಟ್ಟಿದೆ.

ತೋಂಟದಾರ್ಯ ಮತ್ತೆ ಸೂರ್ಯಪ್ರಕಾಶನಿಗೆ ಫೋನು ಮಾಡಿದರು. ಅವನು ಎತ್ತಲಿಲ್ಲ. 'ಸುಡೋ ಆಗದಿದ್ದರೆ ಇದನ್ನು ನೋಡಿ' ಎಂದು ಸಂದೇಶ ಕಳಿಸಿ, ಕೆಳಗೆ ಡಿ, ಒ, ಎ, ಎಸ್ ಎಂಬ ನಾಲ್ಕಕ್ಷರ ಬರೆದಿದ್ದ. ಅದೂ ಅಂಥದೇ ಕೆಲಸದ ಇನ್ನೊಂದು ಸಲಕರಣೆ ಎಂದು ನನಗೆ ಗೊತ್ತಾದದ್ದು ಆಮೇಲೆ.

"ದೋಸ" ಎಂದು ಓದಿದರು ತೋಂಟದಾರ್ಯ. "ನಾನಿಲ್ಲಿ ಒದ್ದಾಡ್ತಿದ್ರೆ ಕ್ಯಾಂಟೀನಲ್ಲಿ ಕೂತು ದೋಸೆ ಅಂತಾನಲ್ಲ."

ಈ ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ. ಜವರಪ್ಪನಿಗೆ ಮಾತ್ರ ಹೇಳಿದೆ. ಊರಿನ ಅತಿ ದೊಡ್ಡ ಗುಂಡಿ ಅವನದು, ಹೇಳದಿದ್ದರೆ ಪಾಪ. ಅವನು ನಿಂಗಮ್ಮನಿಗೆ ಹೇಳಿದ. ನಿಂಗಮ್ಮನಿಗೆ ಹೇಳಿದ ಮೇಲೆ ಡಂಗುರದವನಿಗೆ ಕೆಲಸವಿಲ್ಲ.

ಶುಕ್ರವಾರ ಬೆಳಿಗ್ಗೆ ಸಂಘದ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಮೂವತ್ತು ಜನ ನಿಂತಿದ್ದರು. ಮೊದಲಿಗೆ ಜವರಪ್ಪ.

"ಸೆಕ್ರೆಟ್ರಿಗಳೇ, ನಿಮ್ಮೆಸ್ರು ಇಲ್ಲ ಅಂತ ಅದೇ ಹೇಳ್ತಂತೆ. ನನ್ನೆಸ್ರು ಐತಾ?"

ಆಗ ತೋಂಟದಾರ್ಯ ಒಂದು ಮಾತು ಹೇಳಿಬಿಟ್ಟಿದ್ದರೆ ಸಾಕಿತ್ತು: ನನಗೆ ಗೊತ್ತಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಅವರನ್ನು ಯಾರೂ 'ಸೆಕ್ರೆಟ್ರಿಗಳೇ' ಎಂದು ಬಹುವಚನದಲ್ಲಿ ಕರೆದಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿದರು.

"ಅದನ್ನ ಹೇಳೋ ಹಂಗಿಲ್ಲ. ಪರರ ಗುಟ್ಟು ಕಾಪಾಡಬೇಕು ಅನ್ನೋದೇ ಇಲ್ಲಿ ಮೊದಲನೇ ರೂಲು."

"ಹಂಗಾದ್ರೆ ಐತೆ" ಎಂದ ಜವರಪ್ಪ ಹಿಂದೆ ತಿರುಗಿ ಸಾಲಿನವರಿಗೆ. ಮತ್ತೆ ಮೇಜಿನ ಮೇಲೆ ಬಗ್ಗಿ, "ತೆಗ್ಸಿಬುಡಿ ಸ್ವಾಮಿ. ನಾನೇನ್ ಕಾರ್ಖಾನೆ ಇಟ್ಟಿದ್ದೀನಾ? ಚಿಪ್ಪು ಅದ್ರ ಪಾಡಿಗೆ ಅದೇ ಹತ್ಕಂತದೆ, ನಾನು ಪಕ್ಕದಲ್ಲಿ ನಿಂತಿರ್ತೀನಿ ಅಷ್ಟೇಯ" ಎಂದ.

"ನೋಡ್ತೀನಿ" ಎಂದರು ತೋಂಟದಾರ್ಯ. ಆ 'ನೋಡ್ತೀನಿ' ಬಂದ ಧಾಟಿಯಲ್ಲಿ ಜಿಲ್ಲಾಧಿಕಾರಿಗಳೂ ಅನ್ನಲಾರರು. ನೂರು ಹಾಳೆಯ ಪುಸ್ತಕ ತೆಗೆದು, 'ತೆಗೆಯಬೇಕಾದವರು' ಎಂದು ತಲೆಬರಹ ಕೊಟ್ಟು, ಗೆರೆ ಎಳೆದು, ಹೆಸರು ಬರೆದುಕೊಳ್ಳತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೆರಡು ಹೆಸರಾದವು. ಮೇಜಿನ ಕೆಳಗೆ ಒಂದು ಗೊನೆ ಎಳನೀರು, ಅರ್ಧ ಮೂಟೆ ಅವರೆಕಾಯಿ, ಒಂದು ಹಲಸಿನಹಣ್ಣು ಸೇರಿದವು. ಹಲಸಿನಹಣ್ಣು ನನ್ನದು. ನನ್ನ ಗುಂಡಿ ಚಿಕ್ಕದು, ಆದರೂ ಮುಂಜಾಗ್ರತೆ ಒಳ್ಳೆಯದು.

ನಿಂಗಮ್ಮ ಮಾತ್ರ ಏನೂ ತರಲಿಲ್ಲ. ಎಂಬತ್ತರ ಹತ್ತಿರದ ಹೆಂಗಸು, ಸಂಘ ಹುಟ್ಟಿದಾಗಿನಿಂದ ಸದಸ್ಯೆ. ಮೇಜಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಬರ್ಕೊಂಡ್ರೆ ಅಳಿಸೋಯ್ತದಾ?" ಎಂದು ಕೇಳಿದಳು.

"ಪ್ರಯತ್ನ ಮಾಡ್ತೀನಮ್ಮ."

"ಪ್ರಯತ್ನ ನಾನೂ ಮಾಡ್ತೀನಿ ಕಣಪ್ಪ. ನಿನ್ ಕೈಲಾಯ್ತದಾ?"

ತೋಂಟದಾರ್ಯ ಆ ಪ್ರಶ್ನೆಗೆ ಪೆನ್ನಿನ ಮುಚ್ಚಳ ಹಾಕಿದರು.

ಊಟದ ಹೊತ್ತಿಗೆ ಗಂಗರಾಜು ತಿಪಟೂರಿನಿಂದ ಬಂದರು. ಅಲ್ಲಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದುದನ್ನು ಅವರು ಕಿವಿಗೆ ಹಾಕಿಕೊಂಡಿದ್ದರು. ಚಿಪ್ಪು ಸುಡೋರಿಗೆ ಹೊಗೆ ಬಾರದ ಕಬ್ಬಿಣದ ಡ್ರಮ್ಮನ್ನು ಸರ್ಕಾರ ಪುಕ್ಕಟೆ ಕೊಡುತ್ತದಂತೆ. ಇದನ್ನು ಅವರು ದಿನೇಶನಿಗೆ ಗುಟ್ಟಾಗಿ ಹೇಳಿದರು. ಕಾರಿನ ಕಿಟಕಿ ತೆರೆದಿತ್ತು.

ನಾಲ್ಕು ಗಂಟೆಗೆ ಅದೇ ಎಪ್ಪತ್ತೆರಡು ಜನ ಮತ್ತೆ ಸಾಲು ನಿಂತರು, ಜೊತೆಗೆ ಇನ್ನೂ ಐವತ್ತು ಮಂದಿ.

"ಸೆಕ್ರೆಟ್ರಿಗಳೇ, ಬೆಳಿಗ್ಗೆ ನಾನೇನೋ ಬಾಯ್ತಪ್ಪಿ ಅಂದ್ಬುಟ್ಟೆ" ಎಂದ ಜವರಪ್ಪ. "ನನ್ನಷ್ಟು ಸುಡೋನು ಈ ಹೋಬಳೀಲೇ ಯಾರವ್ನೆ? ಹಗಲೂ ರಾತ್ರಿ ಸುಡ್ತೀನಿ. ನನ್ ಗುಂಡಿ ಹೊಗೆ ತುರುವೇಕೆರೆಗಂಟ ಕಾಣ್ತದೆ, ಬೇಕಾದ್ರೆ ಅಲ್ಲಿಯೋರ್ನ ಕೇಳಿ."

ಜನ್ಮದಲ್ಲಿ ಬೆಂಕಿಕಡ್ಡಿ ಗೀರದವರೂ ತಮ್ಮ ಸುಡುವಿಕೆಯನ್ನು ವರ್ಣಿಸಿದರು. ಒಬ್ಬರು ಸಾಕ್ಷಿಗೆ ಸುಟ್ಟ ಪಂಚೆ ತಂದಿದ್ದರು. ನಾನು ನನ್ನ ಚಿಕ್ಕ ಗುಂಡಿಯ ಉದ್ದಗಲವನ್ನು ಸ್ವಲ್ಪ ಹಿಗ್ಗಿಸಿ ಹೇಳಿದೆ. ಮನುಷ್ಯ ಎಂದಮೇಲೆ ಅಷ್ಟು ಇದ್ದೇ ಇರುತ್ತದೆ. ತೋಂಟದಾರ್ಯ ಪುಸ್ತಕವನ್ನು ತಿರುಗಿಸಿ, ಹಿಂಬದಿಯಿಂದ 'ಸೇರಿಸಬೇಕಾದವರು' ಎಂದು ಶುರುಮಾಡಿದರು. ಎರಡು ಪಟ್ಟಿಗಳೂ ನಡುವಿನ ಹಾಳೆಯಲ್ಲಿ ಬಂದು ಎದುರಾಬದುರಾ ನಿಂತವು.

ಆ ಸಂಜೆ ಮನೆಯಲ್ಲಿ ಗಿರಿಜಾಂಬಿಕಾ ಅವರೆಕಾಯಿ ಬಿಡಿಸುತ್ತ ಕೇಳಿದರಂತೆ: "ಇಷ್ಟೆಲ್ಲ ಈಸ್ಕೊಂಡಿದ್ದೀರಲ್ಲ, ಆ ಪಟ್ಟೀನ ನೀವು ನೋಡಿದ್ದೀರೇನ್ರೀ?"

"ಇಲ್ಲ. ಅದನ್ನ ತೆಗೆಯೋ ಅಧಿಕಾರ ನನಗಿಲ್ಲ."

"ಮತ್ಯಾರಿಗಿದೆ?"

"ಪಟ್ಟೀಲಿ ಇರೋರಿಗೆ."

ಗಿರಿಜಾಂಬಿಕಾ ಒಂದು ಕಾಯಿಯನ್ನು ಬಿಡಿಸದೆ ಹಾಗೇ ಪಾತ್ರೆಗೆ ಹಾಕಿದರು. "ಭಾನುವಾರ ನಿಮ್ಮನ್ನ ಅಟ್ಟಾಡಿಸ್ಕಂಡು ಹೊಡೀತಾರೆ ಕಣ್ರೀ" ಎಂದರು.

ಭಾನುವಾರ ಸಂಘದ ಗೋದಾಮಿನಲ್ಲಿ ಸಭೆ ಸೇರಿತು. ಇನ್ನೂರ ಹದಿನಾಲ್ಕು ಸದಸ್ಯರಲ್ಲಿ ಇನ್ನೂರ ಹತ್ತು ಜನ ಬಂದಿದ್ದರು. ಉಳಿದ ನಾಲ್ವರಲ್ಲಿ ಮೂವರು ತೀರಿಕೊಂಡಿದ್ದರು. ಪ್ರಿಂಟರ್ ಸರಿಮಾಡುತ್ತೇನೆಂದು ಸೂರ್ಯಪ್ರಕಾಶನೂ ಬಸ್ಸಿನಲ್ಲಿ ಬಂದಿದ್ದ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ.

ಗಂಗರಾಜು ಒಂದರಿಂದ ಐದರವರೆಗಿನ ವಿಷಯಗಳನ್ನು ಎರಡು ನಿಮಿಷದಲ್ಲಿ ಮುಗಿಸಿದರು. ಆರನೆಯದಕ್ಕೆ ಬಂದು, ನೂರು ಹಾಳೆಯ ಪುಸ್ತಕವನ್ನು ಎತ್ತಿ ಹಿಡಿದರು.

"ಮುಂದಿನಿಂದ ಓದಿದ್ರೆ ನಿಮ್ಮನ್ನೆಲ್ಲ ತೆಗೀತೀನಿ ಅಂತವ್ರೆ. ಹಿಂದಿನಿಂದ ಓದಿದ್ರೆ ಸೇರಿಸ್ತೀನಿ ಅಂತವ್ರೆ. ಯಾವ ಅಧಿಕಾರದ ಮೇಲೆ ಸ್ವಾಮಿ ಇದು? ಇಂಥೋರ್ನ ಖಾಯಂ ಮಾಡಬೇಕಾ, ಇಲ್ಲ ಓದಿರೋ ಹುಡುಗರಿಗೆ ಅವಕಾಶ ಕೊಡಬೇಕಾ? ಸಭೆ ತೀರ್ಮಾನ ಮಾಡ್ಲಿ."

ದಿನೇಶ್ ಮೊದಲ ಸಾಲಿನಲ್ಲಿ ಕಾಲರ್ ಸರಿಮಾಡಿಕೊಂಡ. ಸಭೆ ಜೇನುಗೂಡಿನಂತೆ ಎದ್ದಿತು. ಜವರಪ್ಪ ತನ್ನ ಎಳನೀರಿನ ಗೊನೆಯ ಪ್ರಸ್ತಾಪ ತೆಗೆದ. ನನ್ನ ಹಲಸಿನಹಣ್ಣು ನೆನಪಾಗಿ ನನಗೂ ರೇಗಿತು.

ತೋಂಟದಾರ್ಯ ಎದ್ದು ನಿಂತರು.

"ನನಗೆ ಆ ಅಧಿಕಾರ ಇಲ್ಲ" ಎಂದರು. "ಪಟ್ಟೀನ ನಾನು ಕಣ್ಣಲ್ಲೂ ನೋಡಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಮೇಜಿನ ಮುಂದೆ ಜನ ಸಾಲು ನಿಂತಿದ್ದು ಅದೇ ಮೊದಲು. ಆಸೆ ಆಯ್ತು. ತಪ್ಪಾಯ್ತು."

ನಾನು ಹಲಸಿನಹಣ್ಣನ್ನು ಆ ಕ್ಷಣವೇ ಮಾಫಿ ಮಾಡಿದೆ.

"ಹಂಗಾದ್ರೆ ಪಟ್ಟೀಲಿ ಯಾರವ್ರೆ? ಓದ್ಲಿ" ಎಂದು ಹಿಂದಿನಿಂದ ಯಾರೋ ಕೂಗಿದರು.

ಎಲ್ಲರೂ ಸೂರ್ಯಪ್ರಕಾಶನತ್ತ ತಿರುಗಿದರು. ವಿಷಯ ಏನೆಂದು ಅವನಿಗೆ ಅರ್ಥವಾಗಲು ಹತ್ತು ನಿಮಿಷ ಹಿಡಿಯಿತು. ಅರ್ಥವಾದ ಮೇಲೆ ಅವನು ನಗಲು ಹೋಗಿ, ಜವರಪ್ಪನ ಮುಖ ನೋಡಿ, ನಗುವುದನ್ನು ಕೈಬಿಟ್ಟ. ಚಿಪ್ಪಿಗೂ ಇದಕ್ಕೂ ಸಂಬಂಧವಿಲ್ಲ, ಇದು ಕಂಪ್ಯೂಟರಿಗೆ ಯಾರು ಯಜಮಾನರಂತೆ ಅಪ್ಪಣೆ ಕೊಡಬಹುದು ಎಂಬ ಪಟ್ಟಿ, ಇಡೀ ಪ್ರಪಂಚದಲ್ಲಿ ಅದಕ್ಕೆ ಇದೇ ಹೆಸರು ಎಂದ. ಕಂಪ್ಯೂಟರನ್ನು ಹೊರಗೆ ತಂದು, ಪಟ್ಟಿ ತೆಗೆದು ತೋರಿಸಿದ. ಅದರಲ್ಲಿ ಇದ್ದದ್ದು ಒಂದೇ ಹೆಸರು, ಸೂರ್ಯಪ್ರಕಾಶ್.

"ಒಂದು ತೆಂಗಿನ ಸಸೀನೂ ಇಲ್ದೋನ್ದು" ಎಂದ ಜವರಪ್ಪ ನೊಂದುಕೊಂಡು.

"ವರದಿ ಮಾಡ್ತೀನಿ ಅಂತಲ್ಲ, ಅದು ಯಾರಿಗೆ ಹೋಯ್ತು?" ಎಂದರು ಗಂಗರಾಜು.

"ಎಲ್ಲಿಗೂ ಹೋಗಲ್ಲ ಸಾರ್. ಇದರೊಳಗೇ ಒಂದು ಟಪಾಲು ಪೆಟ್ಟಿಗೆ ಇದೆ, ಅಲ್ಲಿ ಬಿದ್ದಿರುತ್ತೆ. ಯಾರೂ ತೆಗೆದು ನೋಡಲ್ಲ."

"ಹಂಗಾದ್ರೆ ಸರ್ಕಾರದ್ದೇ ಬುಡು" ಎಂದಳು ನಿಂಗಮ್ಮ.

ಗಂಗರಾಜು ಮಾತ್ರ ನಗಲಿಲ್ಲ. ಅವರು ಕಂಪ್ಯೂಟರಿನ ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದರು: "ಪಟ್ಟೀಲಿರೋರು ಏನು ಹೇಳಿದ್ರೂ ಮಾಡ್ತದಾ?"

"ಮರುಮಾತಿಲ್ಲದೆ ಮಾಡುತ್ತೆ. ಎಲ್ಲ ಅಳಿಸು ಅಂದ್ರೂ ಅಳಿಸುತ್ತೆ. ಯಾಕೆ ಅಂತ ಕೇಳಲ್ಲ."

"ಮತದಾರರ ಪಟ್ಟಿ?"

"ಅದನ್ನೂ."

ಸಂಘದ ಚುನಾವಣೆ ಮುಂದಿನ ವರ್ಷ. ಗಂಗರಾಜು ಗಂಟಲು ಸರಿಮಾಡಿಕೊಂಡು, ಅಧ್ಯಕ್ಷರ ಹೆಸರು ಅದರಲ್ಲಿ ಇರುವುದು ಸಂಘದ ಘನತೆಗೆ ಒಳ್ಳೆಯದೆಂದೂ, ಹೊಸ ಕಾರ್ಯದರ್ಶಿಯಾಗಿ ದಿನೇಶನ ಹೆಸರೂ ಇರಲೆಂದೂ ಸೂಚಿಸಿದರು. ಹೋದ ಸಲ ಅವರ ಎದುರು ಮೂರು ಮತದಿಂದ ಸೋತಿದ್ದ ಜವರಪ್ಪ, ತನ್ನ ಹೆಸರಿಲ್ಲದ ಪಟ್ಟಿ ಈ ಗೋದಾಮಿನಿಂದ ಜೀವಂತ ಹೊರಗೆ ಹೋಗುವುದಿಲ್ಲ ಎಂದ. ಅವನಿಗಾದರೆ ನಮಗೂ ಎಂದು ಮೂರನೇ ಸಾಲಿನವರು ಎದ್ದರು. ಐದು ನಿಮಿಷದಲ್ಲಿ ಇನ್ನೂರ ಹತ್ತು ಜನರೂ ಸುಡೋರ ಪಟ್ಟಿಗೆ ಸೇರಲು ನಿಂತಿದ್ದರು, ಈ ಸಲ ಡ್ರಮ್ಮಿನ ಆಸೆಯೂ ಇಲ್ಲದೆ. ನಾನೂ ಕೈ ಎತ್ತಿದ್ದೆ. ಯಾಕೆಂದು ಇವತ್ತಿಗೂ ಹೇಳಲಾರೆ.

"ಎಲ್ಲರಿಗೂ ಕೊಟ್ರೆ ಒಂದು ವಾರದಲ್ಲಿ ಇದರಲ್ಲಿ ಏನೂ ಉಳಿಯಲ್ಲ" ಎಂದು ಸೂರ್ಯಪ್ರಕಾಶ್ ಕಂಪ್ಯೂಟರನ್ನು ತಬ್ಬಿಕೊಂಡ.

ಆಗ ನಿಂಗಮ್ಮ ಎದ್ದಳು. ಅವಳು ಎದ್ದರೆ ಉಳಿದವರು ಕೂರುವುದು ನಮ್ಮಲ್ಲಿ ರೂಢಿ.

"ಗಂಗರಾಜ, ನಿನ್ ಭಾಮೈದುನ್ ಕೈಗೆ ಈ ಬೆಂಕಿ ಕೊಟ್ರೆ ಜವರಪ್ಪ ಒಪ್ಪಲ್ಲ. ಜವರಪ್ಪುನ್ ಕೈಗೆ ಕೊಟ್ರೆ ನೀನು ಒಪ್ಪಲ್ಲ. ನಿಮ್ಮಿಬ್ರ ಕೈಗೂ ಕೊಟ್ರೆ ನಾನು ಒಪ್ಪಲ್ಲ. ಈ ತೋಂಟದಾರ್ಯ ಹನ್ನೊಂದು ವರ್ಷದಿಂದ ಕೂತವ್ನೆ, ಏನಾರ ಕೆಡಿಸವ್ನಾ?"

"ಇಲ್ಲ" ಎಂದರು ಜನ.

"ಯಾಕೆ ಕೆಡಿಸಿಲ್ಲ? ಅವನ ಕೈಲಿ ಆಗಲ್ಲ. ಇವ್ನು ಸುಡೋನಲ್ಲ ಅಂತ ಮಿಷನ್ನೇ ಬರ್ಕೊಟ್ಟೈತೆ. ಇನ್ನೇನ್ ಬೇಕು? ಅವನ್ನೇ ಖಾಯಂ ಮಾಡಿ. ಒಂದೇ ಕರಾರು, ಅವನೆಸ್ರು ಯಾವತ್ತೂ ಆ ಪಟ್ಟಿಗೆ ಸೇರಕೂಡ್ದು."

ಗಂಗರಾಜು ಜವರಪ್ಪನನ್ನು ನೋಡಿದರು. ಜವರಪ್ಪ ಗಂಗರಾಜು ಅವರನ್ನು ನೋಡಿದ. ಎದುರಾಳಿಗೆ ಸಿಗದಿದ್ದರೆ ಸಾಕು ಎಂಬ ನೆಮ್ಮದಿ ಇಬ್ಬರ ಮುಖದಲ್ಲೂ ಒಟ್ಟಿಗೆ ಮೂಡಿತು. ಸಂಘ ಹುಟ್ಟಿದಾಗಿನಿಂದ ಅವರಿಬ್ಬರೂ ಒಂದೇ ಸಲ ಕೈ ಎತ್ತಿದ್ದು ಅವತ್ತೇ. ದಿನೇಶನೂ ಅಭ್ಯಾಸಬಲದಿಂದ ಎತ್ತಿದ. ಠರಾವು ಸರ್ವಾನುಮತದಿಂದ ಪಾಸಾಯಿತು.

ಸಭೆ ಮುಗಿದ ಮೇಲೆ ನಾನು ತೋಂಟದಾರ್ಯರ ಜೊತೆ ಅವರ ಮನೆಯವರೆಗೆ ಹೋದೆ. ಗಿರಿಜಾಂಬಿಕಾ ಬಾಗಿಲಲ್ಲೇ ನಿಂತಿದ್ದರು. ಮೊದಲು ಗಂಡನ ಮೈಕೈ ನೋಡಿದರು. ಎಲ್ಲೂ ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ, "ಏನಾಯ್ತ್ರೀ?" ಎಂದರು.

"ಖಾಯಂ ಆಯ್ತು."

"ನಿಜವಾಗ್ಲೂ?"

"ಆಯ್ತು ಕಣೇ. ಆದರೆ ಯಾವ ಅಧಿಕಾರಾನೂ ಕೊಡಕೂಡದು ಅಂತ ಠರಾವಿನಲ್ಲಿ ಬರೆದಿದೆ."

"ಒಳ್ಳೇದಾಯ್ತು ಬುಡಿ. ಅಧಿಕಾರ ಇರೋರ್ನ ಕಿತ್ತಾಕಕ್ಕೆ ಹತ್ತು ಜನ ಕಾಯ್ತಿರ್ತಾರೆ. ಏನೂ ಇಲ್ದೋರ್ನ ಕಿತ್ತು ಯಾರೇನ್ ಮಾಡ್ಕಂತಾರೆ?" ಎಂದು ಒಳಗೆ ಹೊರಟವರು, ಏನೋ ಹೊಳೆದಂತೆ ತಿರುಗಿ ನಿಂತರು. "ಅಲ್ರೀ, ನಿಮಗೆ ಅಧಿಕಾರ ಕೊಡಕೂಡದು ಅಂತ ನಡಾವಳಿ ಪುಸ್ತಕದಲ್ಲಿ ಬರೆದೋರು ಯಾರು?"

"ನಾನೇ" ಎಂದರು ತೋಂಟದಾರ್ಯ. ಅಷ್ಟು ಸಂತೋಷವಾಗಿದ್ದ ಅವರ ಮುಖವನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. "ಇನ್ಯಾರು ಬರೀಬೇಕು? ಕಾರ್ಯದರ್ಶಿ ನಾನಲ್ವಾ."